ಪಂಜರಕ್ಕೆ ಕಲಾಯಿ

ಆ ಹಕ್ಕಿಯನ್ನು ಮೊದಲ ಸಲ ಕಂಡಾಗ ನಾನು ಮಾಡಿದ ಮೊದಲ ಕೆಲಸ, ಒಂದು ಹೆಜ್ಜೆ ಹಿಂದೆ ಸರಿದದ್ದು. ಎಮ್ಮೆಯ ಗರ್ಭದೊಳಗೆ ಭುಜದವರೆಗೆ ಕೈ ಹಾಕಿ ಅಡ್ಡ ಸಿಕ್ಕಿದ ಕರು ತಿರುಗಿಸಿದವನು, ಟಾಂಗಾ ಕುದುರೆಯ ಒದೆ ತಿಂದು ಮರುದಿನವೇ ಅದೇ ಕುದುರೆಗೆ ಸೂಜಿ ಹಾಕಿದವನು, ಒಂದು ಗಿಳಿಗೆ ಹೆದರಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೆ ಮಾತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುನಗುಂದದಲ್ಲಿ ದನದ ಡಾಕ್ಟರ್. ಬೆಳಿಗ್ಗೆ ದನ, ಮಧ್ಯಾಹ್ನ ಕಾಗದ, ಸಂಜೆ ಮತ್ತೆ ದನ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದ್ದರು. ಮನೆಯ ಹಕ್ಕಿ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತಿದೆ, ದಯಮಾಡಿ ಬಂದು ನೋಡಬೇಕು ಎಂದು. ದನಗಳ ಕಾಲುಬಾಯಿ ಬೇನೆಯ ಹಂಗಾಮಿನಲ್ಲಿ ಇವರದೊಂದು ಗಿಳಿ ಕಾಟ ಎಂದು ಬೈದುಕೊಳ್ಳುತ್ತಲೇ ಬಸ್ ಹತ್ತಿದ್ದೆ.

ನಾನು ತಿಳಿದ ಗಿಳಿ ಅದಲ್ಲ. ಕೊಕ್ಕಿನಿಂದ ಬಾಲದ ತುದಿಗೆ ನನ್ನ ತೋಳಿಗಿಂತ ಉದ್ದ. ಬೆನ್ನು ರೆಕ್ಕೆ ಎಲ್ಲ ನೀಲಿ, ಎದೆ ಹೊಟ್ಟೆ ಅರಿಸಿನ ಹಳದಿ, ಹಣೆಯ ಮೇಲೆ ಒಂದಿಷ್ಟು ಹಸಿರು, ಗದ್ದದ ಕೆಳಗೆ ಕಪ್ಪು ಪಟ್ಟಿ. ಕೆನ್ನೆಗೆ ಪುಕ್ಕವಿಲ್ಲ. ಬಿಳಿಯ ಬೋಳು ಚರ್ಮದ ಮೇಲೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿದಂತೆ ಸಣ್ಣ ಸಣ್ಣ ಪುಕ್ಕದ ಗೆರೆ. ಕೊಕ್ಕು ಮಾತ್ರ ಅಡಕತ್ತರಿ. ಇದರ ಹೆಸರು ಮಕಾವ್, ಸಮುದ್ರದಾಚೆಯ ದಕ್ಷಿಣ ಅಮೆರಿಕದ ಕಾಡಿನದು ಎಂದು ವ್ಯಾಪಾರಿ ವಿವರಿಸಿದರು. ಸೀರೆ ಗಂಟು ಹೊತ್ತು ಮುಂಬೈಗೆ ಹೋದಾಗ ಹಡಗಿನ ನೌಕರನೊಬ್ಬನಿಂದ ಕೊಂಡು ತಂದಿದ್ದರಂತೆ, ಎಂಟು ವರ್ಷದ ಹಿಂದೆ. ಮನೆಯವರು ಅದಕ್ಕೆ ದೇಸಾಯಿ ಎಂದು ಹೆಸರಿಟ್ಟಿದ್ದರು.

"ಯಾಕಂದ್ರ ದುಡಿಮಿ ಇಲ್ಲ, ಜಬರ್ದಸ್ತಿ ಭಾಳ," ಎಂದರು ವ್ಯಾಪಾರಿ.

ದೇಸಾಯಿ ಎದೆಯ ಪುಕ್ಕ ಕಿತ್ತು ಕಿತ್ತು ಅಂಗೈಯಗಲ ಬೋಳು ಮಾಡಿಕೊಂಡಿತ್ತು. ಹೇನು ಇರಬಹುದೆಂದು ಭೂತಗನ್ನಡಿ ಹಿಡಿದು ಪಂಜರದ ಹತ್ತಿರ ಹೋದೆ. ಅದು ಸರಳುಗಳ ನಡುವಿನಿಂದ ಭೂತಗನ್ನಡಿಯ ಕಟ್ಟಿಗೆ ಹಿಡಿಕೆಯನ್ನು ಕಟಕ್ಕನೆ ಎರಡು ತುಂಡು ಮಾಡಿ, ಒಂದನ್ನು ಎಡಗಾಲಲ್ಲಿ ಹಿಡಿದು, ಆರಾಮಾಗಿ ಸಿಪ್ಪೆ ಸುಲಿಯತೊಡಗಿತು. ಮುಂದೆ ಎರಡು ಬೆರಳು, ಹಿಂದೆ ಎರಡು ಬೆರಳು. ಹಿಡಿದದ್ದನ್ನು ಬಿಡುವ ಜಾತಿಯೇ ಅಲ್ಲ.

"ಹೆದರಬ್ಯಾಡ್ರಿ ಡಾಕ್ಟರ್ ಸಾಹೇಬ್ರ, ಕಡಿಯೂದಿಲ್ಲ ಅದು," ಎಂದು ಪಡಸಾಲೆಯ ಮಗ್ಗದಿಂದ ಒಬ್ಬ ಹೆಂಗಸು ಎದ್ದು ಬಂದರು.

"ನಿಮಗ ಕಡಿಯೂದಿಲ್ಲ ಬಿಡ್ರಿ," ಎಂದೆ.

ಅವರು ವ್ಯಾಪಾರಿಯ ಅಕ್ಕ. ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಸೀರೆ ನೇಯುತ್ತಿದ್ದರು. ಮನೆಯವರಿಗೂ ಓಣಿಯವರಿಗೂ ಅಕ್ಕಾರು. ಅವರು ಪಂಜರದ ಬಾಗಿಲು ತೆಗೆದದ್ದೇ ತಡ, ಆ ರಾಕ್ಷಸ ಹಕ್ಕಿ ಕೊಕ್ಕು ಊರಿ ಕಾಲು ಊರಿ ಮುಂಗೈ ಹತ್ತಿ, ಹೆಗಲು ಸೇರಿ, ಅವರ ಕಿವಿಯ ಓಲೆಯನ್ನು ಕರಿ ನಾಲಿಗೆಯಿಂದ ಮುಟ್ಟಿ ನೋಡಿತು. ಅದರ ಬಿಳಿ ಕೆನ್ನೆ ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿತು. ಹಕ್ಕಿಯ ಮುಖ ಕೆಂಪೇರುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕಥೆ ಕೇಳಿದೆ. ಏಳು ವರ್ಷ ದೇಸಾಯಿ ಪಂಜರವಿಲ್ಲದೆ ಮಗ್ಗದ ಪಕ್ಕದ ಕಟ್ಟಿಗೆಯ ಗೂಟದ ಮೇಲೇ ಇತ್ತು. ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕಾರು ಊಟಕ್ಕೆ ಎದ್ದಾಗ ಕೆಳಗಿಳಿದು, ಮಗ್ಗಕ್ಕೆ ಹೂಡಿದ ರೇಷ್ಮೆ ಹಾಸನ್ನು ಈ ಕಡೆಯಿಂದ ಆ ಕಡೆಗೆ ಕತ್ತರಿಸಿಬಿಟ್ಟಿತು. ತಮ್ಮನಿಗೆ ಸಿಟ್ಟು ನೆತ್ತಿಗೇರಿತು. ದಪ್ಪ ಹಿತ್ತಾಳೆ ಸರಳಿನ ಪಂಜರ ಮಾಡಿಸಿ, ಹಕ್ಕಿಯನ್ನು ಹಿತ್ತಲ ಜಗಲಿಗೆ ಅಟ್ಟಿದರು. ಪುಕ್ಕ ಕೀಳುವುದು ಆಮೇಲೆ ಶುರುವಾದದ್ದು.

ಹೇನು ಇರಲಿಲ್ಲ, ಹುಣ್ಣು ಇರಲಿಲ್ಲ. ನನಗೆ ಏನೂ ತಿಳಿಯಲಿಲ್ಲ ಎಂಬುದು ಸತ್ಯ. ಕಾಲೇಜಿನಲ್ಲಿ ಓದಿದ್ದು ಕೋಳಿ. ಗಿಳಿಯ ಬಗ್ಗೆ ಇದ್ದದ್ದು ಒಂದು ಪುಟ, ಅದೂ ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ. ವಿಟಮಿನ್ ಹನಿ ಬರೆದುಕೊಟ್ಟು ಜಾಣನ ಮುಖ ಮಾಡಿಕೊಂಡು ಹೊರಬಿದ್ದೆ. ಆದರೆ ತಲೆಯಲ್ಲಿ ಅದು ಕೂತುಬಿಟ್ಟಿತು. ಒಂದು ಮೃಗಾಲಯದ ವೈದ್ಯರಿಗೆ ಮೂರು ಹಾಳೆ ಪತ್ರ ಬರೆದೆ. ದಿನಾ ಟಪಾಲಿನವನ ದಾರಿ ಕಾಯ್ದು ಕಾಯ್ದು ಅವನೇ ನನ್ನನ್ನು ಕಂಡರೆ ಓಣಿ ಬದಲಿಸತೊಡಗಿದ.

ಉತ್ತರ ಬಂದಾಗ ನಿಂತಲ್ಲೇ ಓದಿದೆ. ಈ ಹಕ್ಕಿ ಕಾಡಿನಲ್ಲಿ ಜೋಡಿ ಬಿಟ್ಟು ಹಾರುವುದಿಲ್ಲ, ಹಿಂಡು ಬಿಟ್ಟು ಮಲಗುವುದಿಲ್ಲ. ಮನೆಯಲ್ಲಿ ಒಬ್ಬರನ್ನು ಜೋಡಿ ಎಂದು ಹಿಡಿದರೆ ಮುಗಿಯಿತು, ಅವರು ಕಣ್ಣಿಗೆ ಬೀಳದಿದ್ದರೆ ತನ್ನ ಮೈ ತಾನೇ ಹರಿದುಕೊಳ್ಳುತ್ತದೆ. ಆ ಕೊಕ್ಕು ಇರುವುದು ಕಲ್ಲಿನಂಥ ತಾಳೆಬೀಜ ಒಡೆಯಲಿಕ್ಕೆ. ಅದಕ್ಕೆ ದಿನವೂ ಕಡಿಯಲು ಕಟ್ಟಿಗೆ ಬೇಕು, ಇಲ್ಲದಿದ್ದರೆ ಸಿಕ್ಕಿದ್ದನ್ನು ಕಡಿಯುತ್ತದೆ. ಬರೀ ಎಣ್ಣೆಕಾಳು ತಿಂದರೆ ಕಣ್ಣು, ಮೂಗು, ಪುಕ್ಕ ಎಲ್ಲ ಕೆಡುತ್ತವೆ. ಮೈಮೇಲೆ ನೀರು ಚಿಮುಕಿಸಬೇಕು. ಚೆನ್ನಾಗಿ ನೋಡಿಕೊಂಡರೆ ಮನುಷ್ಯನ ಅರ್ಧ ಆಯುಷ್ಯಕ್ಕೂ ಮೇಲೆ ಬದುಕುತ್ತದೆ. ಇಷ್ಟು ಬರೆದು ಆ ಪುಣ್ಯಾತ್ಮರು ಕೊನೆಗೆ 'ಅದು ಏನನ್ನು ಕಡಿಯುತ್ತದೆ ಎಂಬುದರ ಮೇಲೆ ಸದಾ ಕಣ್ಣಿರಲಿ' ಎಂದು ಸೇರಿಸಿದ್ದರು. ಆ ಸಾಲನ್ನು ನಾನು ಓದಿದೆ, ದಾಟಿ ಹೋದೆ.

ಎರಡನೆಯ ಸಲ ಹೋದಾಗ ವ್ಯಾಪಾರಿ ಸೊಲ್ಲಾಪುರಕ್ಕೆ ಹೋಗಿದ್ದರು. ಅಕ್ಕಾರು ಒಬ್ಬರೇ ಇದ್ದರು. ಪಂಜರವನ್ನು ಮಗ್ಗದ ಎದುರಿಗೆ ತರಿಸಿದೆ. ಕುಸುಬಿ ಕಾಳು ದಿನಕ್ಕೊಂದು ಹಿಡಿ ಮಾತ್ರ, ಉಳಿದದ್ದು ಮೊಳಕೆ ಬರಿಸಿದ ಹೆಸರು, ನುಗ್ಗೆ ಸೊಪ್ಪು, ಗಜ್ಜರಿ, ಪಪ್ಪಾಯಿ, ಹಸಿಮೆಣಸಿನಕಾಯಿ. ಕಡಿಯಲು ಬೇವಿನ ಟೊಂಗೆ. ಹೇಳುತ್ತ ಹೇಳುತ್ತ ಸರಳುಗಳ ಕಡೆ ನೋಡಿದೆ. ಹಣ್ಣಿನ ರಸ, ನೀರು ತಾಗಿದಲ್ಲೆಲ್ಲ ಹಿತ್ತಾಳೆ ಹಸಿರು ಕಿಲುಬು ಹಿಡಿದಿತ್ತು. ದೇಸಾಯಿ ಅದನ್ನೇ ನೆಕ್ಕುತ್ತಿತ್ತು.

"ಅಕ್ಕಾರ, ಈ ಕಿಲುಬು ವಿಷ. ಪಾತ್ರೆಗೆ ಮಾಡಸ್ತೀರಲ್ಲ, ಹಂಗ ಇದಕ್ಕೂ ಕಲಾಯಿ ಮಾಡಿಸಿಬಿಡ್ರಿ," ಎಂದೆ.

"ಪಂಜರಕ್ಕ ಕಲಾಯಿ?" ಅವರು ನಕ್ಕರು. "ಓಣಿ ಮಂದಿ ನಗ್ತಾರ್ರಿ."

"ನಗಲಿ. ಹುಳಿ ಸಾರು ಕಲಾಯಿ ಇಲ್ಲದ ಪಾತ್ರ್ಯಾಗ ಇಡ್ತೀರೇನು? ಇದೂ ಹಂಗ."

ನಮ್ಮ ಕಡೆ ಯಾವ ಮನೆಯಲ್ಲೂ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಹಿತ್ತಾಳೆ ಎಂದರೆ ಕಲಾಯಿ, ಒಳಗೆಲ್ಲ ತವರದ ಬಿಳಿ ಲೇಪ. ಪಂಚಮಿ ಹಬ್ಬದ ಮುಂಚೆ ಕಲಾಯಿಗಾರ ಓಣಿಯಲ್ಲಿ ಭಟ್ಟಿ ಹೂಡುತ್ತಿದ್ದ, ಮನೆಮನೆಯ ಪಾತ್ರೆ ಅವನ ಮುಂದೆ ಬೀಳುತ್ತಿತ್ತು. ಆ ವರ್ಷ ಪಂಜರವೂ ಬಿತ್ತು. ನಾನೇ ಹೇಳಿದ್ದು. ಎಂಥ ಸೂಕ್ಷ್ಮ ನೋಡಿದೆ ಎಂದು ಬಸ್ಸಿನಲ್ಲಿ ಬರುತ್ತ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಒಂದು ತಿಂಗಳು ಎಲ್ಲ ಚೆಂದ ನಡೆಯಿತು. ಬೋಳು ಎದೆಯ ಮೇಲೆ ಸೂಜಿಮೊನೆಯ ಹಾಗೆ ಹೊಸ ಪುಕ್ಕ ಎದ್ದವು. ವ್ಯಾಪಾರಿ ಅಂಗಡಿಗೆ ಬಂದವರಿಗೆಲ್ಲ ನನ್ನ ಗುಣಗಾನ ಮಾಡಿದರಂತೆ. ಆಮೇಲೆ ಒಂದು ಬೆಳಿಗ್ಗೆ ಅವರೇ ಹುನಗುಂದಕ್ಕೆ ಓಡಿಬಂದರು.

"ದೇಸಾಯರು ಬಿದ್ದಾರ್ರಿ. ಕಾಳು ಮುಟ್ಟೂದಿಲ್ಲ, ತಿಂದದ್ದು ಕಕ್ಕಾಕತ್ತಾರ."

ಹೋಗಿ ನೋಡಿದೆ. ಪಂಜರದ ನೆಲಕ್ಕೆ ಕುಸಿದು ಕೂತಿತ್ತು. ರೆಕ್ಕೆ ಜೋತಿದ್ದವು, ತಲೆ ಸಣ್ಣಗೆ ನಡುಗುತ್ತಿತ್ತು. ಕಾಲಿಗೆ ಹಿಡಿತವಿಲ್ಲ. ಹಿಕ್ಕೆ ಗಾಢ ಹಸಿರು, ನೀರು ನೀರು. ಹಸಿರು ಭೇದಿ, ನಡುಕ, ಕಾಲು ಸೋಲುವುದು. ಕೋಳಿಯಲ್ಲಿ ಇದನ್ನು ಕಂಡರೆ ನಾವು ಎರಡು ಸಲ ಯೋಚಿಸುವುದಿಲ್ಲ: ರಾಣಿಖೇತ್ ರೋಗ. ಮದ್ದಿಲ್ಲ, ಊರಿನ ಕೋಳಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ.

ಅಂಚೆ ಕಚೇರಿಯಿಂದ ಬಾಗಲಕೋಟೆಗೆ ಟ್ರಂಕ್ ಕಾಲ್ ಹಾಕಿ ಎರಡು ತಾಸು ಕಾಯ್ದೆ. ಮೇಲಧಿಕಾರಿಗಳು ಪೂರಾ ಕೇಳಿಸಿಕೊಳ್ಳಲೂ ಇಲ್ಲ.

"ತಾಲೂಕಿನಾಗ ಮನಿಮನಿಗೆ ಕೋಳಿ ಮರಿ ಹಂಚೇವಿ. ನೀವು ಅಲ್ಲಿ ಫಾರಿನ್ ಗಿಳಿ ಆಡಸ್ಕೋತ ಕೂತೀರೇನ್ರಿ? ರಾಣಿಖೇತ್ ಅಂತ ಬರೀರಿ, ಕೊಲ್ರಿ, ಸುಡ್ರಿ. ನಾಳೆ ನನಗ ರಿಪೋರ್ಟ್ ಬೇಕು."

ತಿರುಗಿ ಬಂದು ಹೇಳಿದೆ. ವ್ಯಾಪಾರಿ ತಲೆಗೆ ಕೈ ಹಚ್ಚಿ ಕೂತರು. ಅಕ್ಕಾರು ಮಾತ್ರ ನನ್ನ ಎದುರು ಬಂದು ನಿಂತರು.

"ಬಾಜು ಮನ್ಯಾಗ ಹದಿನೈದು ಕೋಳಿ ಅದಾವ. ದಿನಾ ಗ್ವಾಡಿ ಹಾರಿ ಬಂದು ಇದರ ಕಾಳ ತಿಂತಾವ. ಒಂದೂ ಸತ್ತಿಲ್ಲಲ್ರಿ?"

ನಾನು ಗೋಡೆಯ ಕಡೆ ನೋಡಿದೆ. ಒಂದು ಕೆಂಪು ಹುಂಜ ಅಲ್ಲೇ ಮೇಲೆ ನಿಂತು ಜೋರಾಗಿ ಕೂಗಿತು. ಡಿಗ್ರಿ ತಗೊಂಡವನಿಗೆ ಮಗ್ಗದಲ್ಲಿ ಕೂತವರು ಪಾಠ ಹೇಳಬೇಕಾಯಿತು. ಅವರು ಒಳಗಿನಿಂದ ಮೂರು ದಿನದ ಕಾಗದ ತಂದು ಹಾಸಿದರು. ಪಂಜರದ ತಳಕ್ಕೆ ಹಾಕುತ್ತಿದ್ದ ಹಳೆಯ ಪತ್ರಿಕೆ, ಎಸೆಯದೆ ಇಟ್ಟಿದ್ದರು. ಹಸಿರು ಹಿಕ್ಕೆಯ ಸುತ್ತ ಒದ್ದೆಯ ಅಂಚು, ಅಂದರೆ ಹಕ್ಕಿಯ ಮೂತ್ರ, ಗುಲಾಬಿ ಬಣ್ಣಕ್ಕಿತ್ತು. ರಾಣಿಖೇತಿನಲ್ಲಿ ಹೀಗೆ ಮೂತ್ರದಲ್ಲಿ ರಕ್ತದ ಬಣ್ಣ ಬಂದದ್ದನ್ನು ನಾನು ಕಂಡಿರಲಿಲ್ಲ. ಇದು ವಿಷ.

ಏನು ತಿಂತು, ಏನು ಕಡಿಯಿತು? ಅಷ್ಟರಲ್ಲಿ ಕಣ್ಣು ಪಂಜರದ ಮೇಲೆ ಬಿತ್ತು. ಬೆಳ್ಳಗೆ ಹೊಳೆಯುವ ಸರಳುಗಳು, ಕೂರುವ ಕಟ್ಟಿಗೆಯ ಎಡಬಲದಲ್ಲಿ ಮಾತ್ರ ಹಳದಿ. ಒಂದು ಗೇಣು ಕಲಾಯಿ ಕೆರೆದು ತೆಗೆದು ಹಿತ್ತಾಳೆ ಬಯಲಾಗಿತ್ತು. ತವರ ತಿಂದು ಹಕ್ಕಿ ಹೀಗೆ ಬೀಳುವುದಿಲ್ಲ. ಆದರೆ ಕಲಾಯಿಯಲ್ಲಿ ಕೆಲವರು ಸೀಸ ಬೆರೆಸುತ್ತಾರೆ, ಅದನ್ನು ಯಾರು ಕೇಳಿಲ್ಲ? ಮೃಗಾಲಯದ ವೈದ್ಯರ ಕೊನೆಯ ಸಾಲು ಆಗ ನೆನಪಿಗೆ ಬಂತು.

"ಈ ಕಲಾಯಿಯೊಳಗ ಸೀಸ ಐತೇನೋ ಅಂತ ಅನುಮಾನ," ಎಂದೆ.

ವ್ಯಾಪಾರಿ ಅಕ್ಕನ ಕಡೆ ತಿರುಗಿದರು. "ಪಂಜರಕ್ಕ ಕಲಾಯಿ ಮಾಡ್ಸಂತ ನಿನಗ ಯಾರ್ ಹೇಳಿದ್ರು? ನಾ ಊರಾಗಿಲ್ಲ ಅಂದ್ರ ಮನ್ಯಾಗ ಏನೇನ್ ಆಟ ಇವು! ನಿನ್ನ ಕೈಯಾರೆ ಕೊಂದಿ ನೋಡ್ ಅದನ್ನ!"

ಅಕ್ಕಾರು ನನ್ನನ್ನು ನೋಡಿದರು. ಒಂದೇ ಗಳಿಗೆ. ಆಮೇಲೆ ನೆಲ ನೋಡಿ, "ನನಗ ತಿಳೀತು, ಮಾಡಿಸಿದೆ," ಎಂದರು.

ನಾನೇ ಹೇಳಿದ್ದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಬಗ್ಗಿ ಚೀಲದ ಬಕಲ್ ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಈಗಲೇ ಹೇಳಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ, ಹಕ್ಕಿಗೆ ಮದ್ದು ಮಾಡಲು ಬಿಡುವುದಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹೇಡಿಗೆ ಕಾರಣ ಬೇಗ ಸಿಗುತ್ತದೆ. ಹಕ್ಕಿಯನ್ನು ಪಂಜರದಿಂದ ತೆಗೆದು ಬಿದಿರಿನ ಬುಟ್ಟಿಯಲ್ಲಿಡಲು ಹೇಳಿ, ಕಲಾಯಿಗಾರನನ್ನು ಹುಡುಕುತ್ತೇನೆಂದು ಎದ್ದೆ.

ಅನುಮಾನ ಸಾಲದು, ಖಚಿತವಾಗಬೇಕಿತ್ತು. ಸೀಸಕ್ಕೆ ಕೊಡುವ ಮದ್ದು ಕಡುವಾದದ್ದು. ಸೀಸ ಇಲ್ಲದ ಮೈಗೆ ಸುಮ್ಮನೆ ಹಾಕಿದರೆ ಅದೇ ಮೂತ್ರಪಿಂಡ ಸುಡುತ್ತದೆ. ಕಲಾಯಿಗಾರ ಬಾಗಲಕೋಟೆಯಲ್ಲಿದ್ದಾನೆ ಎಂದರು. ಬಾಗಲಕೋಟೆಗೆ ಹೋದರೆ, ನಿನ್ನೆಯೇ ಬಾದಾಮಿಗೆ ಹೋದ ಎಂದರು. ಬಾದಾಮಿಯ ಬಸ್ಸಿನಲ್ಲಿ ಕೂತುಕೊಳ್ಳಲು ಜಾಗವಿತ್ತು, ನನಗೆ ಕೂರಲಾಗಲಿಲ್ಲ. ಬಾಗಿಲ ಹತ್ತಿರ ನಿಂತು, ಪ್ರತಿ ಸ್ಟಾಪಿಗೂ ಡ್ರೈವರನ ಮೇಲೆ ಹಲ್ಲು ಕಡಿಯುತ್ತ ಹೋದೆ.

ಬಾದಾಮಿಯ ಪೇಟೆಯ ಒಂದು ಬೇವಿನ ಗಿಡದ ಕೆಳಗೆ ಸಿಕ್ಕ. ಮುದುಕ. ತಿದಿ ಒತ್ತುತ್ತ, ಕಾದ ಕೊಡದೊಳಗೆ ನವಸಾಗರದ ಪುಡಿ ಎರಚಿ, ಹತ್ತಿಯಿಂದ ತವರ ಒರೆಸುತ್ತಿದ್ದ. ಘಾಟು ಮೂಗಿಗೆ ಹೊಡೆಯಿತು.

"ಇಳಕಲ್ಲಿನ ಪಂಜರಕ್ಕ ಏನ್ ಹಾಕಿದ್ದಿ?" ಎಂದು ಏದುಸಿರಿನಲ್ಲೇ ಕೇಳಿದೆ. "ಸೀಸ ಕೂಡ್ಸಿದ್ದೇನು?"

ಮುದುಕನಿಗೆ ರೇಗಿತು. "ನಾ ಪಾತ್ರಿಗೆ ಸೀಸ ಹಾಕೂ ಮನಶ್ಯಾ ಅಲ್ಲ್ರಿ. ಮಂದಿ ಉಣ್ಣೂ ಪಾತ್ರಿ! ನೋಡ್ರಿ ಇಲ್ಲಿ." ಗಂಟಿನಿಂದ ಒಂದು ಬಿಳಿ ಕಡ್ಡಿ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಅದು ಕಿರ್ರೆಂದು ಸಣ್ಣಗೆ ಅತ್ತಿತು. "ಚೊಕ್ಕ ತವರ ಹಿಂಗ ಅಳತೈತಿ. ಸೀಸ ಕೂಡಿದ್ದು ಮೂಕ." ಇನ್ನೊಂದು ಮಾಸಲು ಕಡ್ಡಿ ತೆಗೆದು ಬಗ್ಗಿಸಿದ. ಸದ್ದಿಲ್ಲ.

"ಈ ಮೂಕಂದು ಯಾತಕ್ಕ ಇಟ್ಟಿ ಮತ್ತ?"

"ಉಣ್ಣೂದಲ್ಲದ್ದಕ್ಕ. ದೀಪದ ಕಂಬ, ಪೆಟಗಿ ಚಿಲಕ, ಅಂಥಾವಕ್ಕ. ಪಂಜರಕ್ಕೂ ಇದನ್ನ ಹಾಕೀನ್ರಿ. ಬಿಗಿ ಹಿಡೀತೈತಿ." ನನ್ನ ಮುಖ ನೋಡಿ ಅವನ ಕೈ ತಿದಿಯ ಮೇಲೆ ನಿಂತಿತು. "ಪಂಜರದಾಗ ಯಾರ್ ಉಣ್ತಾರ್ರಿ ಸಾಹೇಬ್ರ?"

ಅವನನ್ನು ಬೈಯಲು ಬಾಯಿ ತೆಗೆದಿದ್ದೆ. ಆದರೆ ಅವನು ತನ್ನ ಕಸುಬಿನ ನೇಮ ಮುರಿದಿರಲಿಲ್ಲ. ಸರಳನ್ನು ತಿನ್ನುವ ಹಕ್ಕಿ ಇದೆ ಎಂದು ಅವನಿಗೆ ಹೇಳಬೇಕಾದವನು ನಾನು. ಮೂಕ ಕಡ್ಡಿಯ ಒಂದು ತುಂಡು ಕೇಳಿ ಇಸಕೊಂಡೆ. ಹೊರಡುವಾಗ ಮುದುಕ, "ಹಕ್ಕಿ ಉಳೀತೈತೇನ್ರಿ?" ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಬಾಗಲಕೋಟೆಯಲ್ಲಿ ಮೇಲಧಿಕಾರಿಗಳ ಮೇಜಿನ ಮೇಲೆ ಆ ತುಂಡನ್ನು ಇಟ್ಟೆ.

"ಸರ್, ಇದು ರಾಣಿಖೇತ್ ಅಲ್ಲ. ಸೀಸದ ವಿಷ. ಬಾಜು ಮನಿ ಕೋಳಿ ಎಲ್ಲಾ ಗಟ್ಟಿಮುಟ್ಟ ಅದಾವ."

"ಹೌದಂತ ಹೆಂಗ ಹೇಳ್ತೀರಿ? ಲ್ಯಾಬ್ ರಿಪೋರ್ಟ್ ಐತೇನು?"

"ಅದು ಬರೂದ್ರಾಗ ಹಕ್ಕಿ ಸಾಯ್ತೈತ್ರಿ."

"ಸಾಯಲಿ ಬಿಡ್ರಿ! ಒಂದು ಹಕ್ಕಿ! ನಾಳೆ ರಾಣಿಖೇತ್ ಅಂತಾತು, ಕೋಳಿ ಸತ್ತು, ಯಾರು ಉತ್ತರ ಕೊಡಾವ್ರು?"

"ನಾ ಕೊಡ್ತೇನ್ರಿ."

ಎದುರು ಮಾತಾಡಿ ಗೊತ್ತಿದ್ದವನಲ್ಲ ನಾನು. ಅವತ್ತು ಹೇಗೋ ಬಂತು. ಅವರು ಒಂದು ಹಾಳೆ ನನ್ನ ಕಡೆ ದೂಡಿದರು. ಇದು ಸಾಂಕ್ರಾಮಿಕ ಅಲ್ಲ, ತಪ್ಪಾದರೆ ಪೂರಾ ಹೊಣೆ ನನ್ನದು ಎಂದು ಬರೆದು ಸಹಿ ಮಾಡಿದೆ. ಅಲ್ಲಿಂದ ನೇರ ಮಕ್ಕಳ ಡಾಕ್ಟರೊಬ್ಬರ ಬಳಿ ಓಡಿದೆ. ಬಣ್ಣ, ಸೀಸ ನೆಕ್ಕಿದ ಕೂಸುಗಳಿಗೆ ಹಾಕುವ ಚುಚ್ಚುಮದ್ದು ಅವರ ಕಪಾಟಿನಲ್ಲಿತ್ತು, ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವಂಥದು. ಹಕ್ಕಿಗೆ ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ತೂಕ ಎಷ್ಟು?"

"ಒಂದು ಕಿಲೋದ ಆಸುಪಾಸು."

"ದಿನ ತುಂಬದ ಕೂಸಿನ ಲೆಕ್ಕ ಹಿಡೀರಿ. ನೀರು ಭಾಳ ಕುಡಸ್ರಿ. ಐದು ದಿನದ ಮ್ಯಾಲ ಒಂದು ದಿನಾನೂ ಹಾಕಬ್ಯಾಡ್ರಿ," ಎಂದು ಕಾಗದದಲ್ಲಿ ಸುತ್ತಿ ಕೊಟ್ಟರು.

ಇಳಕಲ್ಲಿಗೆ ಬಂದಾಗ ಹಕ್ಕಿ ಇನ್ನೂ ಉಸಿರಾಡುತ್ತಿತ್ತು. ಅಕ್ಕಾರು ಮಗ್ಗಕ್ಕೆ ಕೂತಿರಲಿಲ್ಲ, ಎರಡು ದಿನದಿಂದ ಉಂಡೂ ಇರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ, "ಅಕ್ಕಾರ ಕೈಯಾರೆ ಹಿಂಗಾತಂತ" ಎಂದು ಲೊಚಗುಟ್ಟಿ ಹೋಗುತ್ತಿದ್ದರು. ಅವರು ಬುಟ್ಟಿಯ ಹತ್ತಿರದಿಂದ ಏಳಲಿಲ್ಲ.

"ಹಿಡಕೋರಿ," ಎಂದೆ. "ಸೀರಿಯೊಳಗ ಸುತ್ತರಿ, ಆದ್ರ ಎದಿ ಒತ್ತಬ್ಯಾಡ್ರಿ. ಹಕ್ಕಿ ಎದಿ ಉಬ್ಬಿಸಿನೇ ಉಸಿರಾಡೂದು, ಗಟ್ಟಿ ಹಿಡದ್ರ ಕೈಯಾಗ ಸಾಯ್ತೈತಿ."

ಎದೆಯ ಸ್ನಾಯುವಿಗೆ ಸೂಜಿ ಹಾಕಿದೆ. ನೀರು ಬೆರೆಸಿ ತೆಳು ಮಾಡಿದ ಮದ್ದು, ಬೆಳಿಗ್ಗೆ ಒಂದು, ಸಂಜೆ ಒಂದು. ಅದು ಸುಲಭದ ಭಾಗ. ಹೊಟ್ಟೆಯಲ್ಲಿ ಉಳಿದ ಸೀಸದ ಚೂರುಗಳನ್ನು ಹೊರಗೆ ದೂಡಬೇಕಿತ್ತು. ಅದಕ್ಕೆ ಭೇದಿ ಉಪ್ಪಿನ ನೀರು, ಅದರ ಹಿಂದೆ ನುಣ್ಣಗೆ ಅರೆದ ಶೇಂಗಾದ ಗಂಜಿ. ರಬ್ಬರ್ ನಳಿಗೆ ಬಾಯಿಗೆ ಇಟ್ಟ ಕೂಡಲೆ ಕತ್ತರಿಸಿತು. ಅಷ್ಟು ನಿತ್ರಾಣದಲ್ಲೂ! ಎರಡನೆಯದನ್ನೂ ಕತ್ತರಿಸಿತು. ನನ್ನ ಬಳಿ ಇದ್ದದ್ದು ಮೂರು.

"ಒಂದ ನಿಮಿಷ ತಡೀರಿ," ಎಂದು ಅಕ್ಕಾರು ಮಗ್ಗದ ಮೂಲೆಯಿಂದ, ನೇಯುವಾಗ ಅಡ್ಡ ಎಳೆ ಎಸೆಯುವ ಹಳೆಯ ಕಟ್ಟಿಗೆ ಲಾಳಿ ತಂದರು. ನೂಲಿನ ಕಂಡಿಕೆ ಕೂರುವ ಅದರ ನಡುವಿನ ತೂತು ಸವೆದು ಆರಪಾರಾಗಿತ್ತು. ಲಾಳಿಯನ್ನು ಅಡ್ಡವಾಗಿ ಕೊಕ್ಕಿಗೆ ಕೊಟ್ಟರು. ದೇಸಾಯಿ ಕಚ್ಚಿ ಹಿಡಿಯಿತು. ನಾನು ತೂತಿನೊಳಗಿಂದ ನಳಿಗೆ ದಾಟಿಸಿ, ಉಸಿರುಗೊಳವೆ ತಪ್ಪಿಸಿ, ಗಂಟಲಿನ ಬಲಬದಿಗೆ ಇಳಿಸಿದೆ. ಕುತ್ತಿಗೆಯ ಬುಡದ ಚೀಲ ಉಬ್ಬಿತು.

ಹುನಗುಂದದ ದನಗಳನ್ನು ಕಂಪೌಂಡರಿಗೆ ಬಿಟ್ಟು ದಿನಕ್ಕೆರಡು ಸಲ ಬಸ್ಸಿನಲ್ಲಿ ಓಡಾಡಿದೆ. "ಡಾಕ್ಟರ್ ಹಕ್ಕಿ ಆಗ್ಯಾರ, ಒಂದ ಕಡೆ ಕೂಡೂದಿಲ್ಲ," ಎಂದು ಕಂಪೌಂಡರ್ ಆಡಿಕೊಂಡ. ಮೂರನೆಯ ದಿನ ಬೆಳಿಗ್ಗೆ ಸೂಜಿ ಹಾಕಿ ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಕ್ಕಿಗೆ ಸೆಳವು ಬಂತು. ರೆಕ್ಕೆ ಬಡಿದು ಬೆನ್ನಡಿಯಾಗಿ ಬಿದ್ದು ಕಾಲು ಸೆಟೆಯಿತು. ವ್ಯಾಪಾರಿ ಚೀರಿದರು: "ಸಾಕ್ರಿ! ಹಿಂಸಾ ಮಾಡಬ್ಯಾಡ್ರಿ! ಮೊದಲಾ ಸಾಯಲಿಕ್ಕೆ ಬಿಡಬೇಕಿತ್ತು!" ನನಗೂ ಹಾಗೇ ಅನಿಸಿತು. ಆದರೆ ನಿನ್ನೆಯ ಕಾಗದ ನೋಡಿದೆ. ಗುಲಾಬಿ ಅಂಚು ತೆಳುವಾಗಿತ್ತು. ಮೈಯೊಳಗಿನ ಸೀಸ ಹೊರಡುವಾಗ ಒಮ್ಮೆ ಕೆರಳಬಹುದು ಎಂದು ಮಕ್ಕಳ ಡಾಕ್ಟರ್ ಎಚ್ಚರಿಸಿದ್ದರು. ಸಂಜೆಯ ಸೂಜಿ ಬಿಡಬೇಕೋ ಹಾಕಬೇಕೋ ತಿಳಿಯದೆ ಜಗಲಿಯ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗಾಡಿದೆ.

"ಹಾಕ್ರಿ," ಎಂದರು ಅಕ್ಕಾರು ಒಳಗಿನಿಂದ. "ನನ್ನ ಮ್ಯಾಲ ಇರಲಿ."

ಆ ಮಾತು ಎದೆಗೆ ಚುಚ್ಚಿತು. ಹಾಕಿದೆ.

ಐದನೆಯ ದಿನ ಸಂಜೆ ಕೊನೆಯ ಸೂಜಿ. ಆರನೆಯ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಓಣಿಗೆ ತಿರುಗುವಷ್ಟರಲ್ಲಿ ಒಂದು ಕರ್ಕಶ ಚೀರಾಟ ಕೇಳಿತು. ಅಷ್ಟು ದೊಡ್ಡ ಸದ್ದನ್ನು ಕೇಳಿ ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿಲ್ಲ. ಬುಟ್ಟಿಯ ಅಂಚನ್ನು ಕಾಲಿನಿಂದ ಹಿಡಿದು ನಿಂತಿತ್ತು, ಕೊಂಚ ಓಲಾಡುತ್ತ. ಕೊಕ್ಕಿನಲ್ಲಿ ಅರ್ಧ ಮೆಣಸಿನಕಾಯಿ. ಬುಟ್ಟಿಯ ಒಂದು ಬದಿ ಆಗಲೇ ಕಡಿದು ಚೂರಾಗಿತ್ತು.

ವ್ಯಾಪಾರಿ ನನ್ನ ಎರಡೂ ಕೈ ಹಿಡಿದುಕೊಂಡರು. "ದೇವರ ಹಂಗ ಬಂದ್ರಿ ನೋಡ್ರಿ. ನಮ್ಮ ಅಕ್ಕ ಮಾಡಿದ ತಪ್ಪು ನೀವು ತಿದ್ದಿದ್ರಿ."

ಇನ್ನು ತಡೆಯಲಾಗಲಿಲ್ಲ. "ಅವರ ತಪ್ಪಲ್ಲ್ರಿ ಸಾಹುಕಾರ್ರ. ಕಲಾಯಿ ಮಾಡಸ್ರಿ ಅಂತ ಹೇಳಿದಾಂವ ನಾನು. ನೀವು ಸೊಲ್ಲಾಪುರಕ್ಕ ಹೋದಾಗ, ಇದೇ ಜಾಗಾದಾಗ ನಿಂತು ಹೇಳೀನಿ. ಅವತ್ತ ನೀವು ಅವರಿಗೆ ಬೈಯುವಾಗ ಬಾಯಿ ಮುಚ್ಚಿಕೊಂಡು ಕೂತೆ. ನನ್ನದು ತಪ್ಪಾತು, ಎರಡು ಸಲ ತಪ್ಪಾತು."

ವ್ಯಾಪಾರಿ ನನ್ನ ಕೈ ಬಿಟ್ಟರು. ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ ಅಕ್ಕನಿಗೆ ಕೇಳಿದರು: "ಮತ್ತ ನೀ ಯಾಕ ಹೇಳಲಿಲ್ಲಬೇ?"

ಅಕ್ಕಾರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಡುತ್ತಿದ್ದರು, ಎಂಟು ದಿನದ ಮೇಲೆ ಅದೇ ಮೊದಲು. ದೇಸಾಯಿ ಅವರ ಹೆಗಲೇರಿ ಕಿವಿಯ ಓಲೆ ಮುಟ್ಟಿ ನೋಡುತ್ತಿತ್ತು.

"ಹೇಳಿದ್ರ ನೀ ಇವರ್ನ ಹೊಸ್ತಿಲ ದಾಟಗೊಡ್ತಿದ್ದೇನು? ಅವಮಾನ ಆತಂತ ಇವರಾದ್ರೂ ಮತ್ತ ಬರ್ತಿದ್ರೇನು?" ಎಂದರು, ಹಾಸಿನ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತ. "ಇಡೀ ತಾಲೂಕಿಗೆ ಇರಾವ್ರು ಒಬ್ಬರ ಡಾಕ್ಟರ್. ನನಗ ಬೈಸ್ಕೊಂಡು ರೂಢಿ ಐತಿ. ಹಕ್ಕಿಗೆ ಡಾಕ್ಟರ್ ಬೇಕಾಗಿತ್ತು."

ಪಂಜರ ಮತ್ತೆ ಆ ಮನೆಯಲ್ಲಿ ಕಾಣಲಿಲ್ಲ. ಮಗ್ಗದ ಪಕ್ಕ ಹಳೆಯ ಗೂಟ ವಾಪಸ್ಸು ಬಂತು, ಹಾಸಿನ ಎಳೆಗಳು ಕೊಕ್ಕಿಗೆ ಸಿಗದಷ್ಟು ದೂರ. ಕಡಿಯಲು ಸವೆದ ಲಾಳಿಗಳು. ವರ್ಷದ ಮೇಲೆ ನನಗೆ ಬಾದಾಮಿಗೆ ವರ್ಗವಾಯಿತು. ಹೇಳಿ ಹೋಗಲು ಹೋದಾಗ ದೇಸಾಯಿ ನನ್ನ ಚೀಲ ಕಂಡದ್ದೇ, ಮೈಯೆಲ್ಲ ಪುಕ್ಕ ನಿಮಿರಿಸಿ, ಓಣಿ ಕೇಳುವಂತೆ ಚೀರಿ, ನನಗೆ ಬೆನ್ನು ತಿರುಗಿಸಿ ಕೂತಿತು. ಎದೆ ಪೂರಾ ಹಳದಿಯಾಗಿತ್ತಂತೆ. ಅದು ನನಗೆ ತೋರಿಸಲಿಲ್ಲ.

"ಮರೆತಿಲ್ಲ ನೋಡ್ರಿ ಇದು," ಎಂದೆ.

"ಅದು ಮರಿಯೂದಿಲ್ಲ," ಎಂದರು ಅಕ್ಕಾರು, ಲಾಳಿ ಎಸೆಯುವುದನ್ನು ನಿಲ್ಲಿಸದೆ. "ನಾ ಮರತೀನಿ. ಚಾ ಕುಡದು ಹೋಗ್ರಿ."